ಮಗು ಆಗುತ್ತಿಲ್ಲವೇ? ಗಂಡಸಿನ ಪರೀಕ್ಷೆ ಮೊದಲ ವಾರದಲ್ಲೇ ಮಾಡಿಸಿ

ಮಗುವಿಗಾಗಿ ವರ್ಷದಿಂದ ಕಾಯುತ್ತಿರುವ ಜೋಡಿಯಲ್ಲಿ ಮೊದಲು ಡಾಕ್ಟರ ಹತ್ತಿರ ಹೋಗುವುದು ಯಾರು? ಹೆಚ್ಚಿನ ಕಡೆ ಹೆಂಡತಿಯೇ. ಅವಳಿಗೆ ರಕ್ತ ಪರೀಕ್ಷೆ, ಸ್ಕ್ಯಾನ್ ಮೇಲೆ ಸ್ಕ್ಯಾನ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ನೋವಿನ ಪರೀಕ್ಷೆ, ತಿಂಗಳುಗಟ್ಟಲೆ ಮಾತ್ರೆ. ಇಷ್ಟೆಲ್ಲ ಆಗಿ, ಅವಳು ಸೋತು ಸುಣ್ಣವಾದ ಮೇಲೆ, "ಗಂಡನದ್ದೂ ಒಂದ್ಸಲ ನೋಡಿಬಿಡೋಣ" ಎಂಬ ಮಾತು ಬರುತ್ತದೆ. ಈ ಕ್ರಮವೇ ತಪ್ಪು.

ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಸುಮಾರು 5 ಜೋಡಿಗಳಲ್ಲಿ ಒಂದರಲ್ಲಿ ಕಾರಣ ಪೂರ್ತಿ ಅವನದ್ದೇ. ಇದು ಅಪರೂಪದ ತೊಂದರೆಯೂ ಅಲ್ಲ. ಜಗತ್ತಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಜೀವನದ ಯಾವುದೋ ಒಂದು ಹಂತದಲ್ಲಿ ಮಕ್ಕಳಾಗದ ತೊಂದರೆ ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಾಗಿರುವಾಗ, ಇಬ್ಬರ ಪರೀಕ್ಷೆಗಳಲ್ಲಿ ಅತಿ ಸುಲಭವಾದ, ಸೂಜಿಯೂ ಬೇಡದ, ನೋವೂ ಇಲ್ಲದ ವೀರ್ಯ ಪರೀಕ್ಷೆಯನ್ನೇ ಕೊನೆಗೆ ಇಟ್ಟುಕೊಳ್ಳುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆದ್ದರಿಂದ ಇದನ್ನು ಗಂಡಸರಿಗೇ ನೇರವಾಗಿ ಬರೆಯುತ್ತಿದ್ದೇನೆ.

ಯಾವಾಗ ಹೋಗಬೇಕು

ಯಾವ ಗರ್ಭನಿರೋಧಕವೂ ಇಲ್ಲದೆ 12 ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ಇಬ್ಬರೂ ಹೋಗಿ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಹೋಗಿ. ಕೆಲವರು ಅಷ್ಟೂ ಕಾಯಬಾರದು. ಚಿಕ್ಕಂದಿನಲ್ಲಿ ವೃಷಣ ಚೀಲಕ್ಕೆ ಇಳಿಯದೆ ಆಪರೇಷನ್ ಆಗಿದ್ದರೆ, ಹರ್ನಿಯಾ ಆಪರೇಷನ್ ಆಗಿದ್ದರೆ, ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿದ್ದರೆ, ಅಲ್ಲಿಗೆ ಜೋರಾಗಿ ಪೆಟ್ಟು ಬಿದ್ದಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ, ಅಥವಾ ಯಾವಾಗಲಾದರೂ ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನು) ತೆಗೆದುಕೊಂಡಿದ್ದರೆ ಈಗಲೇ ಹೋಗಿ. ಇವನ್ನೆಲ್ಲ ಕೇಳಿದ ಮೇಲೆ ಹೇಳೋಣ ಅಂದುಕೊಂಡರೆ ಎಷ್ಟೋ ಸಲ ಡಾಕ್ಟರ್ ಕೇಳುವುದೇ ಇಲ್ಲ, ನೀವಾಗಿಯೇ ಹೇಳಬೇಕು. ಚಿಕ್ಕಂದಿನ ಆಪರೇಷನ್ ನಿಮಗೆ ನೆನಪಿರುವುದಿಲ್ಲ, ಅಮ್ಮನನ್ನು ಕೇಳಿ.

"ನನಗೆ ಎಲ್ಲಾ ಸರಿ ಇದೆ, ಆಸೆ ಇದೆ, ಶಕ್ತಿ ಇದೆ, ವೀರ್ಯವೂ ಬರುತ್ತೆ" ಎಂಬ ಧೈರ್ಯದ ಮೇಲೆ ಪರೀಕ್ಷೆ ಬಿಡಬೇಡಿ. ಹೊರಬರುವ ದ್ರವದಲ್ಲಿ ವೀರ್ಯಾಣುಗಳ ಪಾಲು ತೀರಾ ಕಡಿಮೆ. ಬಹುಪಾಲು ದ್ರವ ಬರುವುದು ಬೇರೆ ಗ್ರಂಥಿಗಳಿಂದ. ಹಾಗಾಗಿಯೇ ಸಂತಾನಹರಣ ಆಪರೇಷನ್ ಆದವರಿಗೂ ನೋಡಲಿಕ್ಕೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಒಂದು ವೀರ್ಯಾಣು ಇಲ್ಲದವನಿಗೂ ಉಳಿದದ್ದೆಲ್ಲ ಮಾಮೂಲಿಯಾಗಿಯೇ ಇರಬಹುದು. ಮೊದಲೊಂದು ಮಗು ಇದೆ ಎನ್ನುವುದೂ ಖಾತ್ರಿ ಅಲ್ಲ, ನಡುವೆ ಎಷ್ಟೋ ಬದಲಾಗಿರುತ್ತದೆ.

ಸ್ಯಾಂಪಲ್ ಕೊಡುವುದು ಹೇಗೆ

ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಲ್ಯಾಬಿನಲ್ಲಿ ಒಂದು ಡಬ್ಬಿ ಕೈಗಿಟ್ಟು ಬಾಗಿಲು ತೋರಿಸುತ್ತಾರೆ, ಅಷ್ಟೆ. ತಪ್ಪಾಗಿ ಕೊಟ್ಟ ಸ್ಯಾಂಪಲ್ಲಿನಿಂದ ಸುಮ್ನೆ ಗಾಬರಿ ಬೀಳುವವರು ಬೇಕಾದಷ್ಟು ಜನ.

ಕೊಡುವ ಮುಂಚೆ ಕನಿಷ್ಠ 2 ದಿನ, ಜಾಸ್ತಿ ಅಂದರೆ 7 ದಿನ ವೀರ್ಯ ಹೊರಹೋಗಿರಬಾರದು. ಸಂಪರ್ಕವೂ ಬೇಡ, ಹಸ್ತಮೈಥುನವೂ ಬೇಡ. "ಇನ್ನೂ ಜಾಸ್ತಿ ದಿನ ತಡೆದರೆ ಕೌಂಟ್ ಚೆನ್ನಾಗಿ ಬರುತ್ತೆ" ಅಂತ ಎರಡು ವಾರ ತಡೆಯುವವರಿದ್ದಾರೆ. ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಏನೋ ಏರಬಹುದು, ಆದರೆ ಹಳೆಯ ವೀರ್ಯಾಣುಗಳ ಚಲನೆ ಕುಗ್ಗಿರುತ್ತದೆ, ರಿಪೋರ್ಟ್ ದಾರಿ ತಪ್ಪಿಸುತ್ತದೆ. ಎಷ್ಟು ದಿನ ಆಗಿತ್ತು ಅಂತ ಫಾರ್ಮಿನಲ್ಲಿ ನಿಜ ಬರೆಯಿರಿ.

ಸ್ಯಾಂಪಲ್ ಪೂರ್ತಿ ಡಬ್ಬಿಗೇ ಬೀಳಬೇಕು. ಮುಖ್ಯವಾಗಿ ಮೊದಲ ಹನಿಗಳು, ವೀರ್ಯಾಣು ಜಾಸ್ತಿ ಇರುವುದು ಅವುಗಳಲ್ಲೇ. ಸ್ವಲ್ಪ ಹೊರಗೆ ಬಿತ್ತು ಅಂದರೆ ಸಂಕೋಚ ಬಿಟ್ಟು ಲ್ಯಾಬಿನವರಿಗೆ ಹೇಳಿ, ಅವರು ಬರೆದುಕೊಳ್ಳುತ್ತಾರೆ. ಎಣ್ಣೆ, ಸೋಪು, ಎಂಜಲು, ಜಾರಿಕೆಗೆ ಹಚ್ಚುವ ಜೆಲ್ಲು ಯಾವುದೂ ಬೇಡ, ಇವು ವೀರ್ಯಾಣುಗಳಿಗೆ ಆಗಿಬರುವುದಿಲ್ಲ. ಮಾಮೂಲಿ ಕಾಂಡೋಮಿನಲ್ಲಿ ಹಿಡಿದು ತರುವುದೂ ಬೇಡ. ಅದರೊಳಗಿನ ಲೇಪವೇ ಅವುಗಳನ್ನು ಸಾಯಿಸಬಹುದು. ಲ್ಯಾಬಿನ ಕೋಣೆಯಲ್ಲಿ ಆಗುವುದೇ ಇಲ್ಲ ಅಂದರೆ ಮನೆಯಲ್ಲಿ ತೆಗೆದು ತರಬಹುದೇ ಎಂದು ಮೊದಲೇ ಕೇಳಿ. ತರುವುದಾದರೆ ಡಬ್ಬಿಯನ್ನು ಅಂಗಿಯ ಒಳಗೆ, ಮೈಯ ಬಿಸಿ ತಾಗುವ ಹಾಗೆ ಇಟ್ಟುಕೊಂಡು ಒಂದು ಗಂಟೆಯ ಒಳಗೆ ಮುಟ್ಟಿಸಿ. ಫ್ರಿಡ್ಜಿನಲ್ಲಿ ಇಡಬೇಡಿ.

ಕಳೆದ ಎರಡು ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತಾ? ಅದನ್ನೂ ಹೇಳಿ. ಒಂದು ಜ್ವರ ಸಾಕು, ಕೌಂಟ್ ಕೆಲವು ವಾರಗಳ ಮಟ್ಟಿಗೆ ಕುಸಿಯಲಿಕ್ಕೆ.

ಮತ್ತೆ, ಒಂದೇ ಪರೀಕ್ಷೆ ನೋಡಿ ತೀರ್ಪು ಕೊಟ್ಟುಕೊಳ್ಳಬೇಡಿ. ಒಬ್ಬನೇ ಮನುಷ್ಯನ ಕೌಂಟ್ ವಾರದಿಂದ ವಾರಕ್ಕೆ ತುಂಬಾ ಏರಿಳಿಯುತ್ತದೆ. ಮೊದಲನೆಯದು ಸರಿ ಬಾರದಿದ್ದರೆ ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ, ಮೊದಲಿನಷ್ಟೇ ದಿನ ತಡೆದು ಇನ್ನೊಮ್ಮೆ ಕೊಡಿ. ಮನೆಯಲ್ಲೇ ನೋಡಿಕೊಳ್ಳುವ ಕಿಟ್‌ಗಳೂ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಸಂಖ್ಯೆ ಮಾತ್ರ ಹೇಳುತ್ತವೆ. ಅದನ್ನು ನಂಬಿ ಲ್ಯಾಬ್ ಬಿಡುವ ಹಾಗಿಲ್ಲ.

ರಿಪೋರ್ಟ್ ಕೈಗೆ ಬಂತು, ಈಗ?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಕನಿಷ್ಠ ಮಟ್ಟದ ಗೆರೆಗಳು ಹೀಗಿವೆ: ಒಟ್ಟು ದ್ರವ 1.4 ಮಿಲಿಲೀಟರ್, ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣು, ಒಟ್ಟು ಸ್ಯಾಂಪಲ್ಲಿನಲ್ಲಿ 3 ಕೋಟಿ 90 ಲಕ್ಷ, ಚಲಿಸುವವು ಶೇ. 42, ಒಟ್ಟು ವೀರ್ಯಾಣುಗಳಲ್ಲಿ ಮುಂದಕ್ಕೆ ಈಜುವವು ಶೇ. 30, ಆಕಾರ ಸರಿ ಇರುವವು ಶೇ. 4.

ಕೊನೆಯ ಸಂಖ್ಯೆ ನೋಡಿಯೇ ಜಾಸ್ತಿ ಜನ ಹೆದರುವುದು. "ನನ್ನದು 100ಕ್ಕೆ 95 ಕೆಟ್ಟು ಹೋಗಿದೆಯಂತೆ" ಅಂತ ರಾತ್ರಿ ನಿದ್ದೆಗೆಡುತ್ತಾರೆ. ಇಲ್ಲ, ಅದು ಹಾಗಲ್ಲ. ಆಕಾರ ಅಳೆಯುವ ನಿಯಮವೇ ಬಹಳ ಬಿಗಿ, ತಲೆ ಒಂದಿಷ್ಟು ಉದ್ದ ಇದ್ದರೂ ಅದನ್ನು ಹೊರಗೆ ಹಾಕುತ್ತಾರೆ, ಮಕ್ಕಳಾದ ಗಂಡಸರಲ್ಲೂ ಬಹುಪಾಲು ವೀರ್ಯಾಣುಗಳು ಈ ನಿಯಮದಲ್ಲಿ ಫೇಲಾಗುತ್ತವೆ. ಆಕಾರದ ಒಂದು ಸಂಖ್ಯೆ ಮಾತ್ರ ಕಡಿಮೆ ಇದ್ದು ಉಳಿದದ್ದು ಸರಿ ಇದ್ದರೆ ಅದರಿಂದ ದೊಡ್ಡ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ.

ಇನ್ನೊಂದು ವಿಷಯ. ಈ ಗೆರೆಗಳು ಪಾಸು ಫೇಲಿನ ಗೆರೆಗಳಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ವೀರ್ಯವನ್ನು ಅಳೆದು, ಅವರಲ್ಲಿ ಅತಿ ಕೆಳಗಿನ ಶೇ. 5 ಜನ ಎಲ್ಲಿ ನಿಂತರೋ ಅಲ್ಲಿ ಗೆರೆ ಎಳೆದಿದ್ದಾರೆ. ಅಂದರೆ ಗೆರೆಯ ಕೆಳಗಿದ್ದವರಿಗೂ ಮಕ್ಕಳಾಗಿವೆ. ಗೆರೆಯ ಮೇಲಿದ್ದವರಿಗೆಲ್ಲ ಆಗಿಯೇ ತೀರುತ್ತದೆ ಅಂತಲೂ ಇಲ್ಲ. ಒಂದೊಂದು ಸಾಲನ್ನು ಬೇರೆ ಬೇರೆಯಾಗಿ ಓದಿ ಕೊರಗುವುದಕ್ಕಿಂತ, ದ್ರವದ ಪ್ರಮಾಣ, ಸಂಖ್ಯೆ, ಚಲನೆ ಮೂರನ್ನೂ ಒಟ್ಟಿಗೆ ಇಟ್ಟು ಡಾಕ್ಟರ ಜೊತೆ ನೋಡಿ. ದ್ರವವೇ ತೀರಾ ಕಡಿಮೆ ಬಂದಿದ್ದರೆ ಅದಕ್ಕೆ ಬೇರೆಯೇ ಕಾರಣಗಳಿರುತ್ತವೆ. ಸ್ಯಾಂಪಲ್ ಹೊರಗೆ ಬಿದ್ದಿರಬಹುದು, ನಾಳ ಕಟ್ಟಿರಬಹುದು, ಸಕ್ಕರೆ ಕಾಯಿಲೆ ಇರುವವರಲ್ಲಿ ಕೆಲವೊಮ್ಮೆ ಆಗುವ ಹಾಗೆ ವೀರ್ಯ ಹೊರಗೆ ಬರುವ ಬದಲು ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತಿರಬಹುದು. ಸ್ಯಾಂಪಲ್ ಕೊಟ್ಟ ಮೇಲೆ ಮೂತ್ರ ಪರೀಕ್ಷೆ ಮಾಡಿದರೆ ಇದು ಗೊತ್ತಾಗುತ್ತದೆ.

ಟೆಸ್ಟೋಸ್ಟೆರಾನ್ ಬಗ್ಗೆ ದಯವಿಟ್ಟು ಓದಿ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಸುಸ್ತು, ಆಸೆ ಕಡಿಮೆ, ಮೈ ಕಟ್ಟುಮಸ್ತಾಗಬೇಕು ಎಂಬ ಕಾರಣಕ್ಕೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಜೆಲ್ಲು, ಅಥವಾ ಜಿಮ್ಮಿನಲ್ಲಿ ಸಿಗುವ ಸ್ಟೆರಾಯ್ಡ್ ತೆಗೆದುಕೊಳ್ಳುವವರು "ಇದು ಗಂಡಸಿನ ಹಾರ್ಮೋನು ತಾನೆ, ಮಕ್ಕಳಾಗಲಿಕ್ಕೂ ಒಳ್ಳೆಯದೇ" ಅಂದುಕೊಂಡಿರುತ್ತಾರೆ. ಆಗುವುದು ಪೂರ್ತಿ ಉಲ್ಟಾ. ಹೊರಗಿನಿಂದ ಹಾರ್ಮೋನು ಬಂದ ಕೂಡಲೇ, ಟ್ಯಾಂಕ್ ತುಂಬಿದಾಗ ಮೋಟಾರ್ ತಾನಾಗಿ ನಿಲ್ಲುವ ಹಾಗೆ, ಮೆದುಳು ವೃಷಣಗಳಿಗೆ ಕಳಿಸುತ್ತಿದ್ದ ಸಂದೇಶ ನಿಲ್ಲಿಸಿಬಿಡುತ್ತದೆ. ವೀರ್ಯಾಣು ತಯಾರಾಗಲಿಕ್ಕೆ ವೃಷಣದ ಒಳಗೇ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬೇಕು. ಆ ಸಂದೇಶ ನಿಂತರೆ ಒಳಗಿನ ತಯಾರಿಕೆಯೂ ನಿಲ್ಲುತ್ತದೆ. ರಕ್ತದ ರಿಪೋರ್ಟಿನಲ್ಲಿ ಹಾರ್ಮೋನು ಚೆನ್ನಾಗಿ ಕಾಣುತ್ತದೆ, ವೀರ್ಯದಲ್ಲಿ ಕೌಂಟ್ ಸೊನ್ನೆಗೇ ಇಳಿದಿರಬಹುದು.

ಇದು ಎಷ್ಟು ಖಚಿತ ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯೇ ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪ್ರಯೋಗಿಸಿ ನೋಡಿತ್ತು, ಆ ಫಲಿತಾಂಶಗಳು 1990 ಮತ್ತು 1996ರಲ್ಲಿ ಪ್ರಕಟವಾದವು, ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಮಗು ಬೇಕು ಅನ್ನುವವನು ತನಗೆ ಗೊತ್ತಿಲ್ಲದೆ ಗರ್ಭನಿರೋಧಕ ತೆಗೆದುಕೊಳ್ಳುತ್ತಿದ್ದಾನೆ ಅಂದರೆ ಹೊಟ್ಟೆ ಉರಿಯುತ್ತದೆ. ಹೆಚ್ಚಿನವರಲ್ಲಿ ನಿಲ್ಲಿಸಿದ ಮೇಲೆ ಕೌಂಟ್ ಮರಳಿ ಬರುತ್ತದೆ, ಆದರೆ ಅದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷ, ಎರಡು ವರ್ಷ. ಎಲ್ಲರಿಗೂ ಪೂರ್ತಿ ಮರಳುತ್ತದೆ ಅನ್ನಲಿಕ್ಕೂ ಆಗುವುದಿಲ್ಲ. ನೀವು ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ ಅವರ ಸಲಹೆಯಂತೆ ನಿಲ್ಲಿಸಿ. ನಿಜವಾಗಿಯೂ ಹಾರ್ಮೋನು ಕಡಿಮೆ ಇರುವವರಿಗೆ ವೀರ್ಯಾಣು ತಯಾರಿಕೆ ನಿಲ್ಲಿಸದೆ ಅದನ್ನು ಏರಿಸುವ ಬೇರೆ ಔಷಧಿಗಳಿವೆ. "ಮಗು ಬೇಕು" ಎಂಬ ಎರಡು ಪದ ಹೇಳಿದರೆ ಡಾಕ್ಟರ್ ಬರೆಯುವ ಚೀಟಿಯೇ ಬದಲಾಗುತ್ತದೆ.

ಹಾಗೆಯೇ ಬೇರೆ ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್, ಕರುಳಿನ ಉರಿಯೂತಕ್ಕೆ ಕೊಡುವ ಸಲ್ಫಾಸಲಜೀನ್, ಬಲವಾದ ನೋವಿನ ಮಾತ್ರೆಗಳು, ಇವೆಲ್ಲ ಕೆಲವರಲ್ಲಿ ತೊಂದರೆ ಕೊಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಬದಲಿ ಔಷಧಿ ಇದೆಯಾ ಎಂದು ಕೇಳಿ.

ಮೂರು ತಿಂಗಳು ನಿಮ್ಮ ಕೈಯಲ್ಲಿದೆ

ಒಂದು ವೀರ್ಯಾಣು ತಯಾರಾಗಲಿಕ್ಕೆ ಸುಮಾರು 74 ದಿನ ಬೇಕು, ಆಮೇಲೆ ಅದು ಬಲಿತು ಹೊರಬರಲಿಕ್ಕೆ ಇನ್ನೊಂದೆರಡು ವಾರ. ಒಟ್ಟು ಮೂರು ತಿಂಗಳು. ಇವತ್ತಿನ ರಿಪೋರ್ಟ್ ಹೇಳುತ್ತಿರುವುದು ಮೂರು ತಿಂಗಳ ಹಿಂದಿನ ನಿಮ್ಮ ಕಥೆ. ಹಾಗಾಗಿ ಇವತ್ತು ಸಿಗರೇಟು ಬಿಟ್ಟು ಮುಂದಿನ ವಾರ ಕೌಂಟ್ ನೋಡಿ ಬೇಜಾರಾಗಬೇಡಿ.

ಸಿಗರೇಟು, ಬೀಡಿ, ಅಗಿಯುವ ಹೊಗೆಸೊಪ್ಪು, ಗಾಂಜಾ ಎಲ್ಲಾ ಪೂರ್ತಿ ಬಿಡಿ. ಕಡಿಮೆ ಮಾಡುತ್ತೇನೆ ಅನ್ನುವುದು ಬೇಡ. ಕುಡಿತ ನಿಲ್ಲಿಸಿದರೆ ಒಳ್ಳೆಯದು, ದಿನಾ ಜಾಸ್ತಿ ಕುಡಿಯುವವರಂತೂ ನಿಲ್ಲಿಸಲೇಬೇಕು. ಹೊಟ್ಟೆಯ ಬೊಜ್ಜು ಗಂಡಸಿನ ಹಾರ್ಮೋನನ್ನು ಹೆಣ್ಣಿನ ಹಾರ್ಮೋನಾಗಿ ಬದಲಾಯಿಸುತ್ತದೆ, ಆದ್ದರಿಂದ ತೂಕ ಜಾಸ್ತಿ ಇದ್ದರೆ ಇಳಿಸುವುದು ಬರೀ ಅಂದಕ್ಕಲ್ಲ. ನಿದ್ದೆ ಸರಿಯಾಗಿ ಮಾಡಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು ಅದನ್ನೂ ತೋರಿಸಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಹತೋಟಿಗೆ ತನ್ನಿ.

ಬಿಸಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ವೃಷಣಗಳು ದೇಹದ ಹೊರಗೆ ನೇತಾಡುತ್ತಿರುವುದೇ ತಂಪಾಗಿರಲಿ ಅಂತ, ಅವಕ್ಕೆ ಒಳಗಿನ ದೇಹಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಬೇಕು. ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು, ಸೌನಾ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೆಲಸ ಮಾಡುವುದು ಬಿಡಿ. ಕುಲುಮೆ, ಬಾಯ್ಲರ್, ದೊಡ್ಡ ಒಲೆಯ ಮುಂದೆ ದಿನವಿಡೀ ನಿಲ್ಲುವ ಕೆಲಸದವರು, ಕೂತ ಜಾಗದಿಂದ ಏಳದೆ ದೂರ ದೂರ ಗಾಡಿ ಓಡಿಸುವವರು ಡಾಕ್ಟರಿಗೆ ತಮ್ಮ ಕೆಲಸ ಏನೆಂದು ಹೇಳಬೇಕು. ಕೀಟನಾಶಕ, ಸೀಸ, ಬಣ್ಣದ ದ್ರಾವಕಗಳ ಜೊತೆ ಕೆಲಸ ಮಾಡುವವರೂ ಹೇಳಬೇಕು, ಕೈಗವಸು ಮಾಸ್ಕು ಬಿಡಬಾರದು. ಒಳಚಡ್ಡಿ ಸಡಿಲ ಇರಲಿ, ಆದರೆ ಚಡ್ಡಿ ಬದಲಾಯಿಸಿ ಸಿಗರೇಟು ಮುಂದುವರಿಸಿದರೆ ಪ್ರಯೋಜನ ಇಲ್ಲ.

ಪುಡಿ, ಮಾತ್ರೆ, "ಕೌಂಟ್ ಬೂಸ್ಟರ್"ಗಳಿಗೆ ದುಡ್ಡು ಸುರಿಯಬೇಡಿ. ಜಿಂಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟು ಮಾಡಿದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಹುಟ್ಟಿದ ಮಕ್ಕಳ ಸಂಖ್ಯೆ ಅದರಿಂದ ಜಾಸ್ತಿಯಾಗಲಿಲ್ಲ. ಹೆಸರು ಗೊತ್ತಿಲ್ಲದ "ಶಕ್ತಿ" ಪುಡಿಗಳಿಂದಂತೂ ದೂರ ಇರಿ, ಒಳಗೆ ಏನು ಬೆರೆಸಿದ್ದಾರೋ ಯಾರಿಗೂ ಗೊತ್ತಿರುವುದಿಲ್ಲ.

ನಿಮ್ಮನ್ನು ಯಾರಾದರೂ ಮುಟ್ಟಿ ಪರೀಕ್ಷಿಸಿದರಾ?

ರಿಪೋರ್ಟ್ ಸರಿ ಇಲ್ಲ ಅಂದ ತಕ್ಷಣ ಎಷ್ಟೋ ಕಡೆ ಗಂಡಸನ್ನು ಪರೀಕ್ಷಿಸದೆಯೇ ನೇರ ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸುವ ಚಿಕಿತ್ಸೆ) ಮಾತು ಶುರುವಾಗುತ್ತದೆ. ಅಂದರೆ ತೊಂದರೆ ಅವನದ್ದು, ಇಂಜೆಕ್ಷನ್ ಅವಳಿಗೆ. ಕೆಲವರಿಗೆ ಐವಿಎಫ್ ಬೇಕೇ ಬೇಕು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದಕ್ಕೂ ಮೊದಲು ಗಂಡಸರ ಸಂತಾನ ಸಮಸ್ಯೆ ನೋಡುವ ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಒಬ್ಬರು ನಿಮ್ಮನ್ನು ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡಲೇಬೇಕು. ನಾಚಿಕೆ ಆಗುತ್ತದೆ, ನಿಜ. ಐದು ನಿಮಿಷದ ನಾಚಿಕೆ. ಹೆಂಡತಿ ಇಂಥ ಪರೀಕ್ಷೆಗೆ ಎಷ್ಟು ಸಲ ಮಲಗಿದ್ದಾಳೆ ಅಂತ ಒಮ್ಮೆ ನೆನೆಸಿಕೊಳ್ಳಿ.

ಹಾಗೆ ನೋಡಿದಾಗ ಸಿಗುವ ಮುಖ್ಯ ಕಾರಣ ವ್ಯಾರಿಕೋಸೀಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳಗಳು ಊದಿಕೊಂಡು ರಕ್ತ ನಿಂತು ಅಲ್ಲಿ ಬಿಸಿ ಏರುವುದು. ಎಲ್ಲಾ ಗಂಡಸರಲ್ಲಿ ಸುಮಾರು ಶೇ. 15 ಜನಕ್ಕೆ ಇದು ಇರುತ್ತದೆ, ಮಕ್ಕಳಾಗದೆ ಬರುವ ಗಂಡಸರಲ್ಲಿ ಶೇ. 35ರಿಂದ 40 ಜನಕ್ಕೆ. ಹೆಚ್ಚಾಗಿ ಎಡಗಡೆ. ಕೈಗೆ ಸಿಗುವಷ್ಟು ದೊಡ್ಡದಿದ್ದು ವೀರ್ಯವೂ ಸರಿ ಇಲ್ಲದಿದ್ದರೆ ಆಪರೇಷನ್‌ನಿಂದ ಹಲವರಲ್ಲಿ ಸುಧಾರಿಸುತ್ತದೆ. ಸ್ಕ್ಯಾನಿನಲ್ಲಿ ಮಾತ್ರ ಕಾಣುವ ಸಣ್ಣದ್ದಕ್ಕೆ ಆಪರೇಷನ್ ಬೇಡ, ಯಾರಾದರೂ ಒತ್ತಾಯಿಸಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಕೌಂಟ್ ತೀರಾ ಕಡಿಮೆ ಇದ್ದರೆ ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಸು ಎಂದು ವೃಷಣಕ್ಕೆ ಹೇಳುವ ಹಾರ್ಮೋನು) ಮತ್ತು ಟೆಸ್ಟೋಸ್ಟೆರಾನ್ ರಕ್ತ ಪರೀಕ್ಷೆ ಆಗಬೇಕು, ಟೆಸ್ಟೋಸ್ಟೆರಾನಿಗೆ ಬೆಳಿಗ್ಗೆಯೇ ರಕ್ತ ಕೊಡಿ. ಸೊನ್ನೆ ಬಂದಿದ್ದರೆ? ಉಸಿರು ನಿಂತ ಹಾಗಾಗುತ್ತದೆ, ಗೊತ್ತು. ಆದರೆ ಸೊನ್ನೆಯಲ್ಲೂ ಎರಡು ಬಗೆ. ಒಂದರಲ್ಲಿ ವೀರ್ಯಾಣು ತಯಾರಾಗುತ್ತಿದೆ, ದಾರಿ ಕಟ್ಟಿದೆ. ಇನ್ನೊಂದರಲ್ಲಿ ತಯಾರಿಕೆಯೇ ಕುಂಠಿತವಾಗಿದೆ. ಇದಕ್ಕೆ ಕ್ರೋಮೊಸೋಮ್ ಪರೀಕ್ಷೆ, ವೈ ಕ್ರೋಮೊಸೋಮಿನ ತುಣುಕು ಕಳೆದಿದೆಯೇ ಎಂದು ನೋಡುವ ಪರೀಕ್ಷೆ ಮಾಡಿಸಬೇಕು. ಎರಡನೇ ಬಗೆಯಲ್ಲೂ ಕೆಲವರಿಗೆ ಸೂಕ್ಷ್ಮದರ್ಶಕದ ಕೆಳಗೆ ವೃಷಣದಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ವೀರ್ಯಾಣು ಸಿಗುತ್ತದೆ. ಒಂದು ಅಂಡಾಣುವಿಗೆ ಒಂದೇ ವೀರ್ಯಾಣುವನ್ನು ಸೂಜಿಯಲ್ಲಿ ಸೇರಿಸುವ ಇಕ್ಸಿ ವಿಧಾನದಿಂದ ಗರ್ಭ ನಿಂತ ಸುದ್ದಿ 1992ರಲ್ಲಿ ಬಂದ ಮೇಲೆ, ಹಿಂದೆ ದಾರಿಯೇ ಇಲ್ಲ ಎಂದು ಕೈಬಿಡುತ್ತಿದ್ದ ಎಷ್ಟೋ ಗಂಡಸರಿಗೆ ಸ್ವಂತ ಮಕ್ಕಳಾಗಿವೆ.

ಯಾವ ದಿನ, ಎಷ್ಟು ಸಲ

ಹೆಂಡತಿಯ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ 5 ದಿನ, ಗರ್ಭ ನಿಲ್ಲುವುದು ಈ 6 ದಿನಗಳಲ್ಲಿ. ವೀರ್ಯಾಣು ಒಳಗೆ 5 ದಿನದವರೆಗೆ ಬದುಕಬಲ್ಲದು, ಅಂಡಾಣು ಹೆಚ್ಚೆಂದರೆ ಒಂದು ದಿನ. "ಆ ದಿನಕ್ಕೆ ಉಳಿಸಿಡೋಣ" ಎಂದು ವಾರಗಟ್ಟಲೆ ತಡೆಯಬೇಡಿ. ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಕ್ಯಾಲೆಂಡರ್ ನೋಡುವ ಕೆಲಸವೇ ಇರುವುದಿಲ್ಲ. "ಇವತ್ತೇ ಆಗಬೇಕು" ಎಂಬ ಒತ್ತಡದಲ್ಲಿ ನಿಮಿರುವಿಕೆ ಕೈಕೊಡುವುದು ತುಂಬಾ ಸಾಮಾನ್ಯ, ಇದನ್ನು ಡಾಕ್ಟರಿಗೆ ಹೇಳಿದರೆ ದಾರಿ ಇದೆ, ಹೇಳದೆ ಒಬ್ಬರೇ ನುಂಗಿಕೊಂಡರೆ ತಿಂಗಳುಗಳು ಹಾಗೇ ಹೋಗುತ್ತವೆ.

ವಯಸ್ಸು ಹೆಂಗಸಿಗೆ ಮಾತ್ರ ಅಲ್ಲ. ಗಂಡಸಿಗೆ 40 ದಾಟಿದ ಮೇಲೆ ವೀರ್ಯಾಣುವಿನ ಒಳಗಿನ ಡಿಎನ್ಎ ಜಾಸ್ತಿ ಹಾಳಾಗಿರುತ್ತದೆ, ಗರ್ಭಪಾತದ ಸಾಧ್ಯತೆಯೂ ಏರುತ್ತದೆ. ಮತ್ತೆ ಮತ್ತೆ ಗರ್ಭಪಾತ ಆಗುತ್ತಿದ್ದರೆ ನಿಮ್ಮ ಪರೀಕ್ಷೆಯೂ ಆಗಲಿ.

ಮಗುವಿನ ವಿಷಯ ಬಿಟ್ಟು ಕೂಡ ಒಂದು ಮಾತು. ವೀರ್ಯ ಸರಿ ಇಲ್ಲದಿರುವುದು ಕೆಲವೊಮ್ಮೆ ಬೇರೆ ಕಾಯಿಲೆಯ ಗುರುತು. ಹಾರ್ಮೋನು ತೊಂದರೆ, ಗೊತ್ತಾಗದ ಸಕ್ಕರೆ ಕಾಯಿಲೆ, ಅಪರೂಪಕ್ಕೆ ವೃಷಣದ ಕ್ಯಾನ್ಸರ್ ಕೂಡ ಹೀಗೆಯೇ ಪತ್ತೆಯಾಗುತ್ತದೆ. ಸ್ನಾನ ಮಾಡುವಾಗ ಬೆರಳಿನಿಂದ ಮುಟ್ಟಿ ನೋಡಿ, ನೋವಿಲ್ಲದ ಗಟ್ಟಿ ಗಂಟು ಸಿಕ್ಕರೆ ಅದೇ ವಾರ ತೋರಿಸಿ. ಯಾವುದೇ ಕ್ಯಾನ್ಸರಿಗೆ ಕೀಮೋ ಅಥವಾ ರೇಡಿಯೇಷನ್ ಶುರು ಮಾಡುವ ಮುಂಚೆ ವೀರ್ಯ ತೆಗೆದು ಫ್ರೀಜ್ ಮಾಡಿಸಬಹುದು, ಮದುವೆಯಾಗದ ಹುಡುಗರಿಗೂ ಇದು ಅನ್ವಯಿಸುತ್ತದೆ. ಚಿಕಿತ್ಸೆಯ ಗಡಿಬಿಡಿಯಲ್ಲಿ ಈ ಮಾತು ಮರೆತುಹೋಗುತ್ತದೆ, ಆದ್ದರಿಂದ ಮೊದಲ ಡೋಸಿಗೆ ಮುಂಚೆ ನೀವೇ ಬಾಯಿಬಿಟ್ಟು ಕೇಳಿ.